ಮಲ್ಲಿಗೆಯೋ, ಜಾಜಿಯೋ?

ಮೈಸೂರಿನ ದೇವರಾಜ ಮಾರುಕಟ್ಟೆಯ ಅತ್ತರಿನ ಅಂಗಡಿಗಳಲ್ಲಿ ಕೈಗೆಟುಕುವ ಬೆಲೆಯ ಹೂವಿನ ಪರಿಮಳ ಹುಡುಕುವವರ ಮನಸ್ಸು ಸಾಮಾನ್ಯವಾಗಿ ಎರಡು ಸೀಸೆಗಳ ನಡುವೆ ಹೊಯ್ದಾಡುತ್ತದೆ: ದುಂಡು ಮಲ್ಲಿಗೆ ಮತ್ತು ಜಾಜಿ. ಉತ್ತರದಿಂದ ಬಂದ ಸರಕಾದರೆ ಚೀಟಿಯ ಮೇಲೆ ಮೋತಿಯಾ, ಚಮೇಲಿ ಎಂದಿರುತ್ತದೆ. ಹೂವಾಗಿ ನನಗೆ ಜಾಜಿಯೇ ಹೆಚ್ಚು ಪ್ರಿಯ. ಆದರೂ ಅಗ್ಗದ ಸೀಸೆ ಕೊಳ್ಳುವಾಗ ಮಲ್ಲಿಗೆಯನ್ನೇ ಆರಿಸಿ ಎನ್ನುತ್ತೇನೆ.

ಒಂದು ಕಿಲೋ ಮಲ್ಲಿಗೆ ಸಾರಕ್ಕೆ ನೂರಾರು ಕಿಲೋ ಹೂವು ಬೇಕು. ಹಾಗಾಗಿ ಕಡಿಮೆ ಬೆಲೆಯ ಸೀಸೆಯಲ್ಲಿ ಇರುವುದು ಬಹುಪಾಲು ಪ್ರಯೋಗಶಾಲೆಯ ಪರಿಮಳವೇ. ಅದರಲ್ಲಿ ತಪ್ಪೇನಿಲ್ಲ; ಯಾವ ಹೂವಿನ ಯಾವ ಗುಣ ಅಲ್ಲಿ ಉಳಿಯುತ್ತದೆ ಎಂಬುದಷ್ಟೇ ಪ್ರಶ್ನೆ. ಜಾಜಿಯ ಸೊಬಗೆಲ್ಲ ಅದರ ಆಳದಲ್ಲಿದೆ. ಹಣ್ಣಿನಂಥ ಸಿಹಿ ಕೊಡುವ ಬೆಂಜೈಲ್ ಅಸಿಟೇಟ್‌ನ ಕೆಳಗೆ ಜಾಸ್ಮೋನ್‌ನ ಬೆಚ್ಚನೆಯ ಛಾಯೆ, ಅದಕ್ಕೂ ಕೆಳಗೆ ಇಂಡೋಲ್. ಈ ಇಂಡೋಲ್ ದಟ್ಟವಾಗಿದ್ದರೆ ನುಸಿಗುಳಿಗೆಯ ನಾತ. ತೀರಾ ತೆಳುವಾಗಿ ಬೆರೆತಾಗ ಮಾತ್ರ ಇರುಳಲ್ಲಿ ಅರಳಿದ ಹೂವಿನ ಜೀವಂತಿಕೆ. ಅಗ್ಗದ ತಯಾರಿಕೆಯಲ್ಲಿ ಈ ಹದವೇ ಕೈತಪ್ಪುತ್ತದೆ. ಮೇಲಿನ ಸಿಹಿಯೊಂದೇ ಉಳಿದು, ಅರ್ಧ ಗಂಟೆಯಲ್ಲಿ ಮೈಯೆಲ್ಲ ಸೋಪಿನ ವಾಸನೆ.

ದುಂಡು ಮಲ್ಲಿಗೆಯ ಚೆಲುವು ಇರುವುದು ಮೇಲುಗಡೆಯಲ್ಲಿ. ಆಗತಾನೆ ಕಿತ್ತ ಮೊಗ್ಗಿನ ಹಸಿರು, ಲಿನಲೂಲ್‌ನ ತಿಳಿ ತಂಪು, ಕಿತ್ತಳೆ ಹೂವನ್ನು ನೆನಪಿಸುವ ಒಂದು ಎಳೆ. ಇವನ್ನು ಕಡಿಮೆ ಖರ್ಚಿನಲ್ಲೂ ಚೆನ್ನಾಗಿ ಕಟ್ಟಬಹುದು. ಪರಿಮಳ ಬೇಗ ಆರುತ್ತದೆ, ನಿಜ. ಆದರೆ ಆರುವವರೆಗೂ ಹೂವಿನಂತೆಯೇ ಇರುತ್ತದೆ. ಬೇಸಿಗೆಯ ಬಸ್ಸಿನಲ್ಲಿ ಪಕ್ಕದವರಿಗೂ ಹಿತ.

ಅಂಗಡಿಯವರು ಮುಂಗೈಗೆ ಹಚ್ಚಿದ ಕೂಡಲೇ ಹೌದು ಎನ್ನಬೇಡಿ. ಒಂದು ಕೈಗೆ ಒಂದು, ಇನ್ನೊಂದಕ್ಕೆ ಮತ್ತೊಂದು ಹಚ್ಚಿಸಿಕೊಂಡು, ಉಜ್ಜದೆ, ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಹೂವಿನ ಸಾಲಿನ ಕಡೆ ಮಾತ್ರ ಹೋಗಬೇಡಿ. ಅಲ್ಲಿನ ನಿಜದ ಘಮದ ನಡುವೆ ಯಾವ ಸೀಸೆಯನ್ನೂ ತೂಗಿ ನೋಡಲಾಗದು. ಗಂಟೆ ಕಳೆದ ಮೇಲೆ ಯಾವ ಕೈಯನ್ನು ಮತ್ತೆ ಮೂಗಿನ ಬಳಿ ತರಬೇಕೆನಿಸುತ್ತದೋ ಅದನ್ನು ಕೊಳ್ಳಿ. ರೇಷ್ಮೆಗೆ ಹಚ್ಚಬೇಡಿ, ಎಣ್ಣೆಯ ಕಲೆ ಹೋಗುವುದಿಲ್ಲ. ಕಿವಿಯ ಹಿಂದೆ ಒಂದು ಹನಿ ಸಾಕು.

ಜಾಜಿಯೇ ಬೇಕೆಂದು ಮನಸ್ಸು ಹಟ ಹಿಡಿದರೆ ದುಡ್ಡು ಕೂಡಿಸಿ ಕಾಯಿರಿ. ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆ ಆವಿಯನ್ನು ಬಿದಿರ ಕೊಳವೆಯಲ್ಲಿ ಹಾಯಿಸಿ ಗಂಧದೆಣ್ಣೆಗೆ ಇಳಿಸುವ ಹಳೆಯ ಪದ್ಧತಿ ಇನ್ನೂ ಇದೆ. ಬೆರೆಸಿದ್ದು ಗಂಧದೆಣ್ಣೆಯೋ ಪ್ಯಾರಾಫಿನ್ನೋ ಎಂದು ಕೇಳಿ ತಿಳಿದು, ಕಾಲು ತೊಲವಾದರೂ ಸರಿ, ಅಂಥದ್ದನ್ನೇ ತನ್ನಿ.