ಹೊರಸಿನ ಮೇಲಿನ ಕೌದಿ

ಹಳೆಯ ಹೊರಸಿಗೆ ಹೊಸ ಹಗ್ಗ ಬಿಗಿದರೂ ಅದು ಬೆನ್ನಿಗೆ ಒತ್ತುವುದು ತಪ್ಪದು. ಮೇಲೊಂದು ದಪ್ಪ ಕೌದಿ ಬೀಳಬೇಕು, ಆಗ ನೋಡಿ ಸುಖ! ಹಿಡಕಲ್, ಗೋಕಾಕ, ಹುಕ್ಕೇರಿ ಕಡೆಯ ಮನೆಗಳಲ್ಲಿ ಅಂಗಡಿಯ ಗಾದಿ ಬರುವ ಮೊದಲು ಈ ಕೆಲಸವೆಲ್ಲ ಹಳೆಯ ಸೀರೆ, ಧೋತರಗಳದೇ.

ಕೌದಿಯ ಕೆಳಪದರಕ್ಕೆ ಇನ್ನೂ ಗಟ್ಟಿಯಿರುವ ಇಡೀ ಸೀರೆ ಬೇಕು. ನಡುವೆ ಸವೆದದ್ದು, ಹರಿದದ್ದು ಏನಿದ್ದರೂ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ಮೇಲೆ ಮಾತ್ರ ಇಳಕಲ್ ಸೀರೆಯ ದಡಿ, ಗುಳೇದಗುಡ್ಡದ ಖಣದ ತುಂಡು, ಅಂಗಿಯ ಬೆನ್ನು, ಹೀಗೆ ಕಣ್ಣಿಗೆ ಒಪ್ಪುವಂಥವು. ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿದು ದಪ್ಪ ನೂಲಿನಿಂದ ಹಾಕುವ ಸಾದಾ ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಬರುತ್ತ ನಡುವಿಗೆ ಸೇರುತ್ತದೆ. ಸಾಲುಗಳು ಒತ್ತೊತ್ತಾಗಿದ್ದಷ್ಟೂ ಒಳಗಿನ ಚಿಂದಿ ಸರಿದು ಗಂಟಾಗುವುದಿಲ್ಲ. ಅರಿವೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರದು.

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಟ್ಟೆ ಮಡಿಚಿ ‘ಫುಲಾ’, ಅಂದರೆ ಹೂವು, ಕೂಡಿಸುತ್ತಾರೆ. ಆ ಕೌದಿಗಳು ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆ ಏರಿವೆ. ಸಂತೋಷ, ಆದರೆ ಕೌದಿಯ ಜಾಗ ಗೋಡೆಯಲ್ಲ ಎಂಬುದು ನನ್ನ ಹಟ. ರೆಕ್ಸಿನ್ ಹರಿದ ಸೋಫಾದ ಮೇಲೆ ಅದನ್ನು ಎಳೆದು ಹೊದಿಸಿ, ಅಂಚನ್ನು ಒಳಕ್ಕೆ ತುರುಕಿ ಕೂತು ನೋಡಿ.

ಒಗೆಯುವುದೊಂದೇ ತಾಪತ್ರಯ: ನೆನೆದ ಕೌದಿ ಹಿಂಡಲು ಇಬ್ಬರು ಬೇಕು. ಸವೆದರೆ ಚಿಂತೆಯಿಲ್ಲ, ಅದರ ಮೇಲೆಯೇ ಇನ್ನೊಂದು ಸೀರೆ ಹಾಸಿ ಹೊಲಿದರಾಯಿತು.