ನಡೆಯದ ಹತ್ತು ರೂಪಾಯಿ

ನಮ್ಮೂರು ಲೋಕಿಕೆರೆ ಕಡೆ ಯಾವುದಾದರೂ ಅಂಗಡಿಯಲ್ಲಿ ಹತ್ತು ರೂಪಾಯಿ ಬಿಲ್ಲೆ ಕೊಟ್ಟು ನೋಡಿ. 'ಇದು ನಡೆಯಲ್ಲಣ್ಣ, ನೋಟಿದ್ರೆ ಕೊಡಿ' ಎಂಬ ಮಾತು ಬಂದರೆ ಆಶ್ಚರ್ಯವಿಲ್ಲ. ನಾಣ್ಯ ಕೂಡಿಡುವ ನನ್ನಂಥವನಿಗೆ ಇದರಿಂದ ಲಾಭವೇ, ಬೇಡವಾದದ್ದೆಲ್ಲ ನನ್ನ ಪೆಟ್ಟಿಗೆಗೆ. ಆದರೂ ಹೊಟ್ಟೆ ಉರಿಯುತ್ತದೆ.

ಆ ಬಿಲ್ಲೆಯ ಬೆನ್ನಿಗೆ ಸಂಸತ್ತೇ ಇದೆ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿ, 36ನೇ ನಮೂದು: ಕರೆನ್ಸಿ, ನಾಣ್ಯ, ಕಾನೂನುಬದ್ಧ ಚಲಾವಣೆ. ಅದರ ಬಲದಿಂದ ಬಂದದ್ದು 2011ರ ನಾಣ್ಯ ಕಾಯಿದೆ. ಒಂದು ರೂಪಾಯಿ ಮತ್ತು ಅದಕ್ಕೂ ಮೇಲಿನ ಬೆಲೆಯ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೆ ಪಾವತಿ ಮಾಡಿದರೆ ಅದು ಊರ್ಜಿತ. ಒಂದು ರೂಪಾಯಿ ನೋಟು ಕೂಡ ಈ ಕಾಯಿದೆಯ ಕಣ್ಣಿಗೆ ನಾಣ್ಯವೇ! ಹಳೆಯ ಹತ್ತರ ಬಿಲ್ಲೆಗಳಲ್ಲಿ ಕೆಲವಕ್ಕೆ 15 ಕಿರಣಗಳಿದ್ದವು, ರೂಪಾಯಿ ಚಿಹ್ನೆ ಇರಲಿಲ್ಲ. 2011ರಲ್ಲಿ ಚಿಹ್ನೆ ಬಂತು, ಕಿರಣಗಳು 10ಕ್ಕೆ ಇಳಿದವು. ಒಂದು ಅಸಲಿ, ಇನ್ನೊಂದು ನಕಲಿ ಎಂಬ ಪುಕಾರು ಹುಟ್ಟಲು ಇಷ್ಟೇ ಸಾಕಾಯಿತು. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿ ಹೇಳಿತು. ಪುಕಾರು ಅದನ್ನು ಓದಲಿಲ್ಲ.

ಹಿಂದೆ ಹೀಗೆ ಅನುಮಾನಿಸುವುದೇ ಒಂದು ಕಸುಬಾಗಿತ್ತು. ಇಕ್ಕೇರಿ ವರಹ, ಕಂಠೀರವಿ ಹಣ, ಹೈದರನ ವರಹ, ಟಿಪ್ಪುವಿನ ನಾಣ್ಯಗಳು ಎಲ್ಲ ಒಂದೇ ಸಂತೆಗೆ ಬಂದರೆ ನಾಣ್ಯ ಪರೀಕ್ಷಿಸುವ ಚಿನಿವಾರನಿಲ್ಲದೆ ವ್ಯಾಪಾರವಾದರೂ ಹೇಗೆ? ಒರೆಗಲ್ಲಿಗೆ ಉಜ್ಜಿ, ತೂಗಿ, ತನ್ನ ವಟ್ಟ, ಅಂದರೆ ಬೆಲೆಯಲ್ಲೊಂದು ಪಾಲು, ಮುರಿದುಕೊಂಡು ಕೊಡುತ್ತಿದ್ದ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮೈಸೂರು ಸೀಮೆ ಮುಗಿದು ಈಸ್ಟ್ ಇಂಡಿಯಾ ಕಂಪನಿಯ ಸೀಮೆ, ನಾಣ್ಯವೂ ಬೇರೆ. ನನ್ನ ಪೆಟ್ಟಿಗೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸೊಂದಿದೆ. ಒಂದು ಮೈಯಲ್ಲಿ ಸವೆದ ಆನೆ, ಇನ್ನೊಂದರಲ್ಲಿ 'ಮಯಿಲಿ ಕಾಸು' ಎಂಬ ದಪ್ಪ ಕನ್ನಡ ಅಕ್ಷರ, ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ. ಬೆರಳಾಡಿಸಿದರೆ 'ಕಾ' ಇನ್ನೂ ಉಬ್ಬಾಗಿ ಸಿಗುತ್ತದೆ. ಕಂಪನಿ 1835ರಲ್ಲೇ ತನ್ನ ಸೀಮೆಗೆಲ್ಲ ಒಂದೇ ರೂಪಾಯಿ ಮಾಡಿಕೊಂಡಿತ್ತು. ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದ ಟಂಕಸಾಲೆ 1843ರಲ್ಲಿ ಮುಚ್ಚಿತು. ಈಗ ಮೈಸೂರಿನಲ್ಲಿ ನೋಟು ಅಚ್ಚಾಗುತ್ತದೆ, ನಾಣ್ಯವಿಲ್ಲ. ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ನಾಲ್ಕನೇ ಸಾಲು, ನಾಣ್ಯದ ಮೇಲೆ ಹಿಂದಿ, ಇಂಗ್ಲಿಷ್ ಎರಡೇ.

ನಾಣ್ಯ ಟಂಕಿಸುವ ಅಧಿಕಾರ ಒಂದೇ ಕೈಯಲ್ಲಿರುವುದೇ ಸರಿ ಎನ್ನುವವನು ನಾನು. ಅಮೆರಿಕದವರು ಕೂಡ ಟಂಕಿಸುವ ಹಕ್ಕನ್ನು ಕಾಂಗ್ರೆಸ್ಸಿಗೆ ಕೊಟ್ಟು ರಾಜ್ಯಗಳ ಕೈ ಕಟ್ಟಿದರು. ಆ ಹಳೆಯ ವಟ್ಟದ ಭಾರವೆಲ್ಲ ರೈತನ ಮೇಲೇ ಬೀಳುತ್ತಿತ್ತು. ಈಗಿನ ಅಂಗಡಿಯವನದು ಒರೆಗಲ್ಲಿಲ್ಲದ ಚಿನಿವಾರಿಕೆ: ಸಂಸತ್ತಿನ ನಾಣ್ಯವನ್ನು ಬೇಡವೆಂದು, ಚಿಲ್ಲರೆಗೆ ಚಾಕ್ಲೇಟು ಎಣಿಸಿ ಕೊಡುತ್ತಾನೆ.

ನಿಮ್ಮ ಕೈಗೂ ಅಂಥ ಬಿಲ್ಲೆ ಬಂದರೆ ಇಸವಿಯ ಕೆಳಗೆ ನೋಡಿ. ಚುಕ್ಕಿ ಇದ್ದರೆ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದು, ವಜ್ರದಾಕಾರ ಮುಂಬೈಯದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. 15 ಕಿರಣದ್ದಾದರೆ ಮಾತ್ರ ಖರ್ಚು ಮಾಡಬೇಡಿ, ನನ್ನಂತೆ ಕೂಡಿಡಿ.