ದೂರದರ್ಶನದ ತಿರುಗುವ ಕಣ್ಣು

ದೂರದರ್ಶನದ ಲಾಂಛನ ಹುಟ್ಟಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಒಬ್ಬ ವಿದ್ಯಾರ್ಥಿಯ ಹಾಳೆಯ ಮೇಲೆ. 1970ರ ದಶಕದಲ್ಲಿ ಅಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ನಡುವೆ ಒಂದು ಗುಂಡು, ಅದರ ಎರಡು ಬದಿಗೆ ಎರಡು ಬಾಗಿದ ಆಕಾರಗಳನ್ನು ಬರೆದರು. ಒಂದರ ದಪ್ಪ ತಲೆ ಇದ್ದ ಕಡೆಗೆ ಇನ್ನೊಂದರ ತೆಳು ಬಾಲ ಬಂದು ನಿಲ್ಲುತ್ತದೆ. ಒಟ್ಟಾಗಿ ನೋಡಿದರೆ ಅದೊಂದು ಕಣ್ಣು. ಚೀನೀಯರ ಯಿನ್-ಯಾಂಗ್ ಚಿಹ್ನೆಯ ನೆನಪೂ ಅದರಲ್ಲಿದೆ. ಅಲ್ಲಿನ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಸಿದ್ಧಪಡಿಸಿದ ಹಲವು ವಿನ್ಯಾಸಗಳಲ್ಲಿ ಇದನ್ನೇ ಆರಿಸಿದವರು ಆಗಿನ ಪ್ರಧಾನಿ ಇಂದಿರಾ ಗಾಂಧಿ. 1976ರ ಏಪ್ರಿಲ್ 1ರಂದು ಟೆಲಿವಿಷನ್ ವಿಭಾಗ ಆಕಾಶವಾಣಿಯಿಂದ ಬೇರೆಯಾಗಿ ದೂರದರ್ಶನ ಸ್ವತಂತ್ರ ಸಂಸ್ಥೆಯಾದಾಗ ಈ ಕಣ್ಣೇ ಅದರ ಗುರುತಾಯಿತು.

ಕಣ್ಣನ್ನು ಆರಿಸಿಕೊಂಡ ಮೊದಲ ಸಂಸ್ಥೆ ಇದಲ್ಲ. ಅಮೆರಿಕದ ಸಿಬಿಎಸ್ 1951ರಲ್ಲೇ ಕಣ್ಣಿನ ಚಿಹ್ನೆಯನ್ನು ತೆರೆಗೆ ತಂದಿತ್ತು. 1953ರಲ್ಲಿ ಏಬ್ರಮ್ ಗೇಮ್ಸ್ ಬಿಬಿಸಿಗಾಗಿ ಹಿತ್ತಾಳೆಯ ಯಾಂತ್ರಿಕ ಮಾದರಿಯೊಂದನ್ನು ಕಟ್ಟಿ, ಅದು ಚಲಿಸುವುದನ್ನು ಚಿತ್ರೀಕರಿಸಿದರು. ಜನ ಅದನ್ನು ಬಾವಲಿಯ ರೆಕ್ಕೆ ಎಂದು ಕರೆದರು. ಅಲ್ಲಿಯೂ ಎರಡು ಬಾಗುಗಳ ನಡುವೆ ಒಂದು ಸಣ್ಣ ಕೇಂದ್ರವಿತ್ತು. ಸರ್ಕಾರಿ ಹಣದಲ್ಲಿ ನಡೆಯುವ ಚಿತ್ರಸಂಸ್ಥೆಗಳಲ್ಲಿ ಜಗತ್ತಿನಲ್ಲೇ ಹೆಸರಾದ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ 1969ರ ಹೊತ್ತಿಗೆ ತಂದುಕೊಂಡದ್ದು ಕೈಗಳನ್ನು ತಲೆಯ ಮೇಲೆತ್ತಿ ನಿಂತ ಮನುಷ್ಯನನ್ನು. ಎತ್ತಿದ ತೋಳುಗಳೇ ಅಲ್ಲಿ ಕಣ್ಣಿನ ಅಂಚಾಗುತ್ತವೆ. ಇವೆಲ್ಲದರ ನಡುವೆ ದೂರದರ್ಶನದ ಕಣ್ಣಿನ ವಿಶೇಷ ಅದರ ಆಕಾರದಲ್ಲಿಲ್ಲ, ಆ ಆಕಾರ ತೆರೆಯ ಮೇಲೆ ಕೂಡಿಬರುವ ರೀತಿಯಲ್ಲಿದೆ.

ಆ ಚಲನೆಯನ್ನು ಕೊಟ್ಟವರು ಅದೇ ಸಂಸ್ಥೆಯ ಆರ್. ಎಲ್. ಮಿಸ್ತ್ರಿ. ಅವರು ಚಿತ್ರದ ಪ್ರತಿಗಳನ್ನು ಕ್ಯಾಮೆರಾದ ಕೆಳಗಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಒಂದೊಂದು ಚೌಕಟ್ಟಾಗಿ ಸೆರೆಹಿಡಿದರು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಎಲ್ಲವೂ ಕೈಕೆಲಸ. ಒಂದು ಸೆಕೆಂಡಿನ ಚಲನೆಗೆ ಸುಮಾರು ಇಪ್ಪತ್ತೈದು ಚೌಕಟ್ಟು ಬೇಕು, ಒಂದು ಚೌಕಟ್ಟಿನಲ್ಲಿ ಕೋನ ತಪ್ಪಿದರೂ ತೆರೆಯ ಮೇಲೆ ಚಿತ್ರ ಜಿಗಿಯುತ್ತದೆ. ತೆರೆ ಮೊದಲು ಬರಿದಾಗಿರುತ್ತದೆ. ಬಾಗಿದ ರೇಖೆಗಳು ಮೂಡಿ, ಒಂದರ ಮೇಲೊಂದು ಹಾಯುತ್ತ ನಿಧಾನವಾಗಿ ಸುತ್ತುತ್ತವೆ. ಏನು ರೂಪುಗೊಳ್ಳುತ್ತಿದೆ ಎಂಬುದು ಕೆಲ ಹೊತ್ತು ತಿಳಿಯುವುದಿಲ್ಲ. ಸುತ್ತುತ್ತ ಸುತ್ತುತ್ತ ಅವು ಹತ್ತಿರ ಬಂದು, ಕೊನೆಗೆ ಎರಡೇ ಆಕಾರಗಳಾಗಿ ಗುಂಡನ್ನು ಅಪ್ಪಿಕೊಂಡು ನಿಲ್ಲುತ್ತವೆ. ಇಲ್ಲಿ ಚಲನೆಯೇ ಅರ್ಥ. ಚದುರಿದ್ದು ಕೂಡಿ ಒಂದು ನೋಟವಾಗುವುದನ್ನು ಪ್ರೇಕ್ಷಕ ಕಣ್ಣಾರೆ ಕಾಣುತ್ತಾನೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕಲಾವಿದ ಕೆ. ಕೆ. ಹೆಬ್ಬಾರರ ನೃತ್ಯಚಿತ್ರಗಳನ್ನು ನೋಡಿದವರಿಗೆ ನಿಂತ ರೇಖೆಯೊಳಗೂ ಓಟ ಹೇಗೆ ಅಡಗಿರುತ್ತದೆ ಎಂಬುದು ಗೊತ್ತು. ಭಟ್ಟಾಚಾರ್ಯರ ಎರಡು ಬಾಗುಗಳಲ್ಲೂ ಅಂಥ ಓಟವಿದೆ. ಮಿಸ್ತ್ರಿ ಅದನ್ನು ಹೊರಗೆ ಬಿಟ್ಟರು, ಅಷ್ಟೇ.

ಚಿತ್ರಕ್ಕೆ ಜೊತೆಯಾದ ರಾಗಸಂಯೋಜನೆ ಪಂಡಿತ್ ರವಿಶಂಕರರದು, ಶಹನಾಯಿ ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನರದು. 'ಸಾರೆ ಜಹಾಂ ಸೆ ಅಚ್ಛಾ' ಗೀತೆಗೆ ಇಂದು ಎಲ್ಲರೂ ಹಾಡುವ ಧಾಟಿಯನ್ನು ಕೊಟ್ಟವರೂ ರವಿಶಂಕರರೇ, 1945ರಲ್ಲಿ. ಅದೇ ಧಾಟಿ ಇಲ್ಲಿ ಮಾತಿಲ್ಲದೆ, ಎಳೆಎಳೆಯಾಗಿ, ಯಾವ ಅವಸರವೂ ಇಲ್ಲದೆ ಹರಿಯುತ್ತದೆ. ಶಹನಾಯಿಯಲ್ಲಿ ಮಂಗಳವೂ ಇದೆ, ಒಂದು ಬಗೆಯ ವಿಷಾದವೂ ಇದೆ. ಸರ್ಕಾರಿ ಸಂಸ್ಥೆಯೊಂದು ತನ್ನ ಪರಿಚಯಕ್ಕೆ ಕಹಳೆ, ಬ್ಯಾಂಡುಗಳ ಅಬ್ಬರ ಬಿಟ್ಟು ಇಂಥ ಸ್ವರವನ್ನು ಒಪ್ಪಿಕೊಂಡದ್ದು ದೊಡ್ಡ ಮಾತು. ಚಿತ್ರ ಸುತ್ತುವ ಲಯ ಮತ್ತು ಸ್ವರ ಏಳುವ ಲಯ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಯಲಾಗದು.

ಸಂಜೆಯ ಪ್ರಸಾರ ಶುರುವಾಗುವ ಮುನ್ನ ಜನರನ್ನು ಕರೆಯುವಂತೆ ಈ ತುಣುಕು ಬರುತ್ತಿತ್ತು. ಕರಾವಳಿಯಲ್ಲಿ ಇಂಥ ಕರೆಗೆ ಹಳೆಯ ಮಾದರಿಯೊಂದಿದೆ. ಯಕ್ಷಗಾನ ಮೇಳ ಊರಿಗೆ ಬಂದ ದಿನ, ಆಟ ಶುರುವಾಗುವುದಕ್ಕೆ ಬಹಳ ಮೊದಲೇ ಚೆಂಡೆ ಮದ್ದಳೆಗಳಲ್ಲಿ ಕೇಳಿ ಬಡಿಯುತ್ತಾರೆ. ಗದ್ದೆ ದಾಟಿ, ತೋಡು ದಾಟಿ ಸುತ್ತಲ ಊರುಗಳಿಗೆ ಆಟದ ಸುದ್ದಿ ಮುಟ್ಟಿಸುವುದು ಅದರ ಕೆಲಸ. ದೂರದರ್ಶನದ ಮೊದಲ ಸ್ವರ ಮನೆಮನೆಯಲ್ಲಿ ಮಾಡಿದ್ದೂ ಇದನ್ನೇ. ಅಡುಗೆಮನೆಯಲ್ಲಿದ್ದವರು, ಅಂಗಳದಲ್ಲಿದ್ದವರು, ಟಿವಿ ಇಲ್ಲದ ಪಕ್ಕದ ಮನೆಯವರು ಆ ಸ್ವರ ಕೇಳಿ ಬಂದು ಕೂರುತ್ತಿದ್ದರು. ಬಂದು ಕೂರುವಷ್ಟು ಹೊತ್ತು ಆ ತುಣುಕಿನೊಳಗೇ ಇತ್ತು ಎಂಬುದು ಅದರ ರಚನೆಯ ಜಾಣ್ಮೆ. ಅದನ್ನು ಕತ್ತರಿಸಿ ಐದು ಸೆಕೆಂಡಿಗೆ ಇಳಿಸಿದರೆ ಕರೆ ಉಳಿಯುವುದಿಲ್ಲ, ಬರೀ ಗುರುತು ಉಳಿಯುತ್ತದೆ.

ಬೆಂಗಳೂರಿನ ಕೇಂದ್ರ ಆರಂಭವಾದದ್ದು 1981ರ ರಾಜ್ಯೋತ್ಸವದ ದಿನ. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಬಂದವು. 1984ರ ಸುಮಾರಿಗೆ ದೇಶದಾದ್ಯಂತ ಕಡಿಮೆ ಶಕ್ತಿಯ ಪ್ರಸಾರಕಗಳು ಸಾಲಾಗಿ ಎದ್ದವು. ಕಾಪುವಿನ ಕಡಲ ಬದಿಯಲ್ಲೂ ಕಾರ್ಕಳದ ಗುಡ್ಡಗಳ ನಡುವೆಯೂ ಮಂಗಳೂರು ಹಂಚಿನ ಮಾಡುಗಳ ಮೇಲೆ ಆಂಟೆನಾ ಕಾಣಿಸಿಕೊಂಡದ್ದು ಆ ದಶಕದಲ್ಲಿ. ಉಡುಪಿ ಸೀಮೆಯ ಒಂದೇ ಬೀದಿಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿರುತ್ತವೆ. ದೆಹಲಿಯ ಹಿಂದಿ ಕಾರ್ಯಕ್ರಮಗಳು ಇವರಲ್ಲಿ ಅನೇಕರಿಗೆ ಅರ್ಧಂಬರ್ಧ ಅರ್ಥವಾಗುತ್ತಿದ್ದವು. ಲಾಂಛನದ ಚಲನೆಗೆ ಮಾತ್ರ ಯಾವ ಭಾಷೆಯ ಹಂಗೂ ಇರಲಿಲ್ಲ. ಕೆಳಗೆ ಬರುತ್ತಿದ್ದ 'ಸತ್ಯಂ ಶಿವಂ ಸುಂದರಂ' ಎಂಬ ನುಡಿ ನಾಗರಿ ಲಿಪಿಯಲ್ಲಿತ್ತು. ಅದನ್ನು ಓದಲಾಗದವರಿಗೂ ಕಣ್ಣು ಕೂಡಿಬರುವ ಚಿತ್ರದಲ್ಲಿ ಏನೂ ಕಡಿಮೆಯಾಗಲಿಲ್ಲ. ಹಲವು ಭಾಷೆಗಳ ದೇಶದ ಸಂಸ್ಥೆಗೆ ಇದಕ್ಕಿಂತ ಒಪ್ಪುವ ಪೀಠಿಕೆ ಸಿಗುವುದು ಕಷ್ಟ.

ಇದೇ ಗುಣದ ಇನ್ನೊಂದು ಮುಖ ಅದರ ಕೊರತೆ. ಈ ಕಣ್ಣು ಎಲ್ಲ ಊರುಗಳಿಗೂ ಸೇರಿದ್ದು, ಆದ್ದರಿಂದಲೇ ಯಾವ ಊರಿನದೂ ಅಲ್ಲ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆ ಭಾಗದ ಎದುರು ಇದನ್ನಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿಗೆ ಆರ್. ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳು ಮುನ್ನುಡಿಯಾಗಿದ್ದವು. ಅವುಗಳಲ್ಲಿ ಬೀದಿ ಇದೆ, ಜನ ಇದ್ದಾರೆ. ಎಲ್. ವೈದ್ಯನಾಥನ್ ಅವರ ಸಂಗೀತ ಆ ಬೀದಿಗೆ ಒಂದು ನಡಿಗೆ ಕೊಟ್ಟಿದೆ. ಕನ್ನಡದ ಕೇಂದ್ರಕ್ಕೆ ಅಂಥ ಸ್ವಂತ ಚಲನೆಯೊಂದನ್ನು, ಈ ನೆಲದ ರೇಖೆ ಮತ್ತು ಸ್ವರಗಳಿಂದ ಕಟ್ಟಬಹುದಾಗಿತ್ತು. ಮುಂದೆ 'ಚಂದನ' ಎಂಬ ಚೆಂದದ ಹೆಸರು ಬಂತು. ಆದರೆ ಅಹಮದಾಬಾದಿನ ಆ ತುಣುಕಿನಷ್ಟು ಕಾಲ ಮನಸ್ಸಿನಲ್ಲಿ ನಿಲ್ಲುವ ಚಲನೆ ಆ ಹೆಸರಿಗೆ ಸಿಗಲಿಲ್ಲ.

ಬಣ್ಣ ಬಂದ ಮೇಲೆ ಲಾಂಛನ ಹಲವು ಸಲ ಬದಲಾಯಿತು. ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆ ಸಿಕ್ಕಿದಂತೆ ಆಕಾರಗಳಿಗೆ ದಪ್ಪ ಬಂತು, ಹೊಳಪು ಬಂತು, ನೆರಳು ಬಂತು. ಇಳಿಕೆ ಶುರುವಾದದ್ದು ಇಲ್ಲಿಂದ. ದೋಷ ಯಂತ್ರದ್ದಲ್ಲ. ಬ್ರಿಟನ್ನಿನ ಚಾನಲ್ 4 ವಾಹಿನಿಗೆ 1982ರಲ್ಲಿ ಮಾರ್ಟಿನ್ ಲ್ಯಾಂಬಿ-ನೇರ್ನ್ ರೂಪಿಸಿದ ಲಾಂಛನವೂ ಕಂಪ್ಯೂಟರಿನದೇ. ಬಣ್ಣಬಣ್ಣದ ತುಂಡುಗಳು ಹಾರಿಬಂದು ನಾಲ್ಕು ಎಂಬ ಅಂಕಿಯಾಗುವ ಅದರಲ್ಲಿ ತಂತ್ರಕ್ಕೊಂದು ಕಾರಣವಿತ್ತು, ಆ ವಾಹಿನಿ ಬೇರೆ ಬೇರೆ ನಿರ್ಮಾಪಕರ ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ ಕೊಡುವಂಥದ್ದು. ದೂರದರ್ಶನದ ಹೊಸ ರೂಪಗಳಲ್ಲಿ ಕಣ್ಣು ಮೊದಲೇ ಸಿದ್ಧವಾಗಿ ಬರುತ್ತದೆ, ಬಂದ ಮೇಲೆ ಹೊಳೆಯುತ್ತದೆ. ಮೊದಲಿನದರಲ್ಲಿ ಚಲನೆ ಕಣ್ಣನ್ನು ಹೆತ್ತಿತ್ತು, ಈಗ ಅದಕ್ಕೆ ಒಡವೆ ತೊಡಿಸುತ್ತದೆ. ಸ್ವರವೂ ಚುಟುಕಾಯಿತು. ಖಾಸಗಿ ವಾಹಿನಿಗಳ ಎದುರು ಚುರುಕಾಗಿ ಕಾಣಬೇಕೆಂಬ ಹಂಬಲ ಇದರ ಹಿಂದಿತ್ತು. ಆದರೆ ಆ ವಾಹಿನಿಗಳಲ್ಲಿ ಯಾವುದಕ್ಕೂ ಇಲ್ಲದ ಆಸ್ತಿಯೆಂದರೆ ಆ ನಿಧಾನವೇ. ಅದನ್ನು ಕೈಬಿಟ್ಟದ್ದು ನಷ್ಟದ ವ್ಯಾಪಾರ.

2017ರಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಹೊಸ ಲಾಂಛನಕ್ಕಾಗಿ ಸ್ಪರ್ಧೆಯನ್ನೇ ನಡೆಸಿತು. ಸಾವಿರಾರು ವಿನ್ಯಾಸಗಳು ಬಂದವು, ಕಣ್ಣು ಮಾತ್ರ ಉಳಿದುಕೊಂಡಿತು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಡಿಡಿ ನ್ಯೂಸ್ ವಾಹಿನಿಯ ಲಾಂಛನ ಕೆಂಪಿನಿಂದ ಕೇಸರಿಗೆ ತಿರುಗಿತು. ಪ್ರಸಾರ ಭಾರತಿಯ ಮಾಜಿ ಮುಖ್ಯಸ್ಥ ಜವಹರ್ ಸರ್ಕಾರ್ ಸೇರಿದಂತೆ ಹಲವರು ಅದನ್ನು ಟೀಕಿಸಿದರು, ಸಂಸ್ಥೆ ತನ್ನ ಬದಲಾವಣೆಯನ್ನು ಸಮರ್ಥಿಸಿಕೊಂಡಿತು. ವಿನ್ಯಾಸದ ದೃಷ್ಟಿಯಿಂದ ಗಮನಿಸಬೇಕಾದದ್ದು ಇಷ್ಟು: ಮೂಲ ತುಣುಕು ಕಪ್ಪು-ಬಿಳುಪು ತೆರೆಯಲ್ಲಿ, ಬಣ್ಣದ ನೆರವಿಲ್ಲದೆ, ಆಕಾರ ಮತ್ತು ಕಾಲ ಎರಡರಿಂದಲೇ ತನ್ನ ಮಾತನ್ನು ಪೂರ್ತಿ ಹೇಳಿತ್ತು. ಬಣ್ಣದ ಬಗ್ಗೆ ಜಗಳ ಏಳುವ ಹೊತ್ತಿಗೆ ಚಲನೆಯ ಬಗ್ಗೆ ಕೇಳುವವರೇ ಇರಲಿಲ್ಲ. ಮಣಿಪಾಲದಂಥ ಕಡೆ ಸಂವಹನ ಮತ್ತು ಆನಿಮೇಷನ್ ಕಲಿಯುವವರು ಆ ತುಣುಕನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಿದರೆ, ಯಾವ ಬಾಗು ಯಾವ ಕೋನದಲ್ಲಿ ಯಾವ ಸ್ವರಕ್ಕೆ ತಿರುಗಿತು ಎಂಬುದು ಸ್ಪಷ್ಟವಾಗುತ್ತದೆ. ಅಷ್ಟು ಹತ್ತಿರದಿಂದ ನೋಡಿದರೂ ತಾಳಿಕೊಳ್ಳುವ ಲಾಂಛನ ಭಾರತದ ತೆರೆಯ ಮೇಲೆ ಇನ್ನೊಂದು ಬಂದಿಲ್ಲ.